ಮಂದೆಪಾಲನ ಮರಣವಾರ್ತೆಗಳು

“ತಂಗೀ, ಇನ್ನ ಮ್ಯಾಲ ನಿನ್ನ ಗಂಡಗ ಕೆಲಸಾನ ಇರೂದಿಲ್ಲ ನೋಡು!” ಎಂದು ನಮ್ಮಣ್ಣ ಎಲ್ಕಾನ ಘೋಷಿಸಿದ. ಚರ್ಚಿನ ಸಭಾಪಾಲಕರ ಹೆಂಡತಿಗೆ ಹೇಳುವ ಮಾತೇ ಇದು? ಅದೂ ಆ ಕೆಲಸ ನಿಜವಾಗಿಯೇ ತೂಗುಯ್ಯಾಲೆಯಲ್ಲಿ ಇರುವಾಗ!

ಅಣ್ಣ ಹೇಳಿದ್ದು ಆ ಅರ್ಥದಲ್ಲಲ್ಲ. ತನ್ನ ಮೋಟರ್ ರಿವೈಂಡಿಂಗ್ ಅಂಗಡಿಯಿಂದ ಹೊತ್ತು ತಂದ ಯಂತ್ರವನ್ನು ನಮ್ಮ ಊಟದ ಮೇಜಿನ ಮೇಲೆ, ಚಪಾತಿ ಡಬ್ಬಿಯ ಪಕ್ಕ ಇಟ್ಟು ಎದೆಯುಬ್ಬಿಸಿ ನಿಂತಿದ್ದ. ಹಳೆಯ ಮಿಕ್ಸರಿನ ಹೊಟ್ಟೆ, ಸಿಸಿ ಕ್ಯಾಮೆರಾದ ಕಣ್ಣು, ನೆತ್ತಿಯ ಮೇಲೊಂದು ಕೆಂಪು ದೀಪ. ತಲೆಯೊಳಗೆ ಕೃತಕ ಬುದ್ಧಿ. ಹೆಸರು ಮಂದೆಪಾಲ.

“ಏನ್ ಮಾಡತೈತಿ ಭಾವಾ ಇದು?” ಎಂದು ನನ್ನ ಗಂಡ ರೆವರೆಂಡ್ ಕೃಪಾದಾನ ದೂರದಿಂದಲೇ ಕೇಳಿದರು. ಅಣ್ಣನ ಹಿಂದಿನ ಯಂತ್ರ ಅವರ ನಿಲುವಂಗಿಗೆ ಇಸ್ತ್ರಿ ಹಾಕಲು ಹೋಗಿ ಒಂದು ತೋಳನ್ನು ನುಂಗಿತ್ತು.

“ಏನ್ ಮಾಡೂದಿಲ್ಲ ಅಂತ ಕೇಳ್ರಿ! ಆರಾಧನಿಗೆ ಯಾರ ಬಂದಾರ, ಯಾರ ಮಾರಿ ಬಾಡೇತಿ, ಯಾರಿಗೆ ಸಮಾಧಾನ ಹೇಳಬೇಕು, ಎಲ್ಲಾ ತಾನ ನೋಡಿ, ತಾನ ಬರದು, ಸಭಿ ವಾಟ್ಸಾಪ್ ಗ್ರೂಪಿಗೆ ಹಾಕತೈತಿ!”

“ಕನ್ನಡ ಬರ್ತೈತೇನು?” ಎಂದೆ ನಾನು.

“ಬರ್ತೈತೇನು ಅಂದ್ರ? ತಪ್ಪಿಲ್ಲದ ಸಭೆಯ ಕನ್ನಡ! ಎಲ್ಲಿ ಕಲಿಸೀನಿ ಗೊತ್ತೇನ? ನಮ್ಮ ಸ್ಮಶಾನದಾಗ!”

ಗಂಡ ಹೆಂಡತಿ ಇಬ್ಬರೂ ಮುಖ ಮುಖ ನೋಡಿಕೊಂಡೆವು.

“ನಮ್ಮ ಮಂದಿ ಕಾಗದದ ಮ್ಯಾಲ ಎಲ್ಲಾ ತಪ್ಪ ಬರೀತಾರ. ಸಮಾಧಿ ಕಲ್ಲಿನ ಮ್ಯಾಲ ಒಂದು ಕೊಂಬೂ ತಪ್ಪೋದಿಲ್ಲ. ಯಾಕಂದ್ರ ಕೆತ್ತಿದ ಮ್ಯಾಲ ಅಳಿಸಾಕ ಬರೂದಿಲ್ಲ! ಹಿಂಗಾಗಿ ಇದನ್ನ ಬಗಲಾಗ ಇಟ್ಕೊಂಡು ಎಲ್ಲಾ ಕಲ್ಲೂ ಓದಿಸೀನಿ.”

ಬೇಡ ಎನ್ನುವ ಧೈರ್ಯ ನಮಗಿರಲಿಲ್ಲ. ಕೊಣ್ಣಾಪುರದ ನಮ್ಮದು ಚಿಕ್ಕ ಸಭೆ. ನಮ್ಮನ್ನು ಮುಚ್ಚಿ ರೈಲ್ವೆ ಗೇಟಿನಾಚೆಯ ದೊಡ್ಡ ಪೇಟೆ ಸಭೆಗೆ ಸೇರಿಸಬೇಕೆಂದು ಸಭೆಗಳ ಮೇಲ್ವಿಚಾರಣೆಯ ಪ್ರಾಂತದ ಕಚೇರಿ ಯೋಚಿಸುತ್ತಿತ್ತು. ಇದು ಜೀವಂತ ಸಭೆಯೋ ಅಲ್ಲವೋ ಎಂದು ಕಣ್ಣಾರೆ ನೋಡಲು ಅಲ್ಲಿಂದ ಕ್ಷೇತ್ರಾಧ್ಯಕ್ಷರು ಬರುವವರಿದ್ದರು. ಹಾಡುವವರನ್ನು, ಕುರ್ಚಿ ಹಾಕುವವರನ್ನು ಒದಗಿಸಲಾಗದ ನಾವು ಒಂದು ಕೃತಕ ಬುದ್ಧಿಯನ್ನಾದರೂ ತೋರಿಸೋಣ ಎಂದುಕೊಂಡೆವು. ಹೇಗೂ ಕಚೇರಿಯವರಿಗೆ ಇತ್ತೀಚೆಗೆ ಅದರ ಮೇಲೆ ಬಹಳ ವಿಶ್ವಾಸ. ಸ್ವಂತದ್ದನ್ನು ಬಳಸಿ ದಣಿದಿರಬೇಕು.

ಭಾನುವಾರ ಬಂತು. ಅಣ್ಣ ಮಂದೆಪಾಲನನ್ನು ಪ್ರಸಂಗಪೀಠದ ಪಕ್ಕದ ಕಿಟಕಿಯಲ್ಲಿ ಕೂರಿಸಿದ.

ನನ್ನ ಗಂಡನ ಉಪದೇಶದ ಪ್ರಸಂಗ ಸತ್ವಯುತ, ಧ್ವನಿ ಮಾತ್ರ ಸ್ವಲ್ಪ ತಂಪು. ನಮ್ಮ ಹಿರಿಯರಾದ ಹನೋಕಪ್ಪನವರಿಗೆ ಅದು ಬಹಳ ಹಿಡಿಸುತ್ತದೆ. ಫ್ಯಾನಿನ ಕೆಳಗಿನ ಬೆಂಚು ಅವರದು. “ಪ್ರಿಯರೇ, ಈ ದಿನ ಮೂರು ವಿಷಯಗಳನ್ನು ಧ್ಯಾನಿಸೋಣ” ಎಂದರೆ ಸಾಕು, ಮೊದಲನೆಯ ವಿಷಯಕ್ಕೆ ಅವರ ಗಲ್ಲ ಎದೆಗೆ ಇಳಿಯುತ್ತದೆ, ಎರಡನೆಯದಕ್ಕೆ ಗೊರಕೆ ಏರುತ್ತದೆ. ಮೂರನೆಯ ವಿಷಯ ಏನೆಂದು ಅವರು ಈವರೆಗೆ ಕೇಳಿಲ್ಲ.

ಅಂದೂ ಹಾಗೆಯೇ ಆಯಿತು. ಮಂದೆಪಾಲನ ಕೆಂಪು ದೀಪ ಮಿನುಗಿತು. ಫೋನುಗಳನ್ನು ನಾವೆಲ್ಲ ಬಂದ್ ಮಾಡಿದ್ದೆವು. ಹೀಗಾಗಿ ಮನೆಯಲ್ಲಿದ್ದವರ ಫೋನುಗಳಿಂದ ಸುದ್ದಿ ಇಡೀ ಊರಿಗೆ ತಿಳಿಯಿತು, ಸಭೆಗೆ ಮಾತ್ರ ತಿಳಿಯಲಿಲ್ಲ:

“ನಮ್ಮ ಪ್ರಿಯ ಹಿರಿಯರಾದ ಹನೋಕಪ್ಪನವರು ಈ ದಿನ ಆರಾಧನೆಯ ಮಧ್ಯದಲ್ಲಿ ಕರ್ತನಲ್ಲಿ ನಿದ್ರಿಸಿದರು.”

ನಮ್ಮ ಸಮಾಧಿಗಳ ಮೇಲೆ ಯಾರೂ ‘ಸತ್ತರು’ ಎಂದು ಕೆತ್ತಿಸುವುದಿಲ್ಲ. ‘ಕರ್ತನಲ್ಲಿ ನಿದ್ರಿಸಿದರು’ ಎಂದೇ ಕೆತ್ತಿಸುತ್ತೇವೆ. ಸ್ಮಶಾನದಲ್ಲಿ ಓದಿದ ಯಂತ್ರಕ್ಕೆ ನಿದ್ರೆಯನ್ನು ವರ್ಣಿಸಲು ಬೇರೆ ವಾಕ್ಯವೇ ಗೊತ್ತಿರಲಿಲ್ಲ!

ಆರಾಧನೆ ಮುಗಿದಾಗ ಗೇಟಿನಲ್ಲಿ ಹೂವಿನ ಹಾರ ಹಿಡಿದ ಜನ. ಮುಂದೆ ಶವಪೆಟ್ಟಿಗೆ ಮಾಡುವ ಬಡಿಗೇರ ಮೌನೇಶಪ್ಪ, ಕೈಯಲ್ಲಿ ಅಳತೆ ಟೇಪು. ಎಂದಿನಂತೆ ಎಲ್ಲರಿಗಿಂತ ಮೊದಲು ಹೊರಬಂದವರು ಹನೋಕಪ್ಪನವರೇ.

“ಯಾರ ಹ್ವಾದ್ರೋ?” ಎಂದು ಕೇಳಿದರು.

ಪೆನ್ಸಿಲ್ ಚೂಪು ಮಾಡುತ್ತಿದ್ದ ಮೌನೇಶಪ್ಪ ತಲೆಯೆತ್ತದೆ, “ಯಾರೋ ಹಿರಿಯರಂತ್ರಿ. ಎತ್ತರ ಎಷ್ಟಿದ್ರು ಅವರು?” ಎಂದ.

“ಹಿರಿಯರಂದ್ರ... ನನ್ನಷ್ಟ ಇರಬೇಕು” ಎಂದು ಹನೋಕಪ್ಪನವರು ನೆಟ್ಟಗೆ ನಿಂತು ಅಳತೆ ಕೊಟ್ಟರು!

ಅಷ್ಟರಲ್ಲಿ ಆಟೋ ಬಂದು ನಿಂತಿತು. ಮೊಣಕಾಲು ನೋವೆಂದು ಮನೆಯಲ್ಲಿದ್ದ ಅವರ ಹೆಂಡತಿ ದೊರ್ಕಮ್ಮ ಎದೆ ಬಡಿದುಕೊಳ್ಳುತ್ತ ಇಳಿದರು. “ಒಂದ ಮಾತೂ ಹೇಳದ ಹೋದ್ರಲ್ಲೋ ನನ್ನ ರಾಜಾ!” ಎಂದು ಕೂಗಿದವರು ಎದುರಿಗೆ ರಾಜನನ್ನೇ ಕಂಡು ಗಕ್ಕನೆ ನಿಂತರು. ಒಂದು ಗಳಿಗೆ ಮುಖದ ಮೇಲೆ ಸಂತೋಷ. ಮರುಗಳಿಗೆಯಲ್ಲೇ ಬಣ್ಣ ಬದಲು.

“ಇಲ್ಲೇ ನಿಂತೀರೇನು? ನಿಮ್ಮ ಸಲುವಾಗಿ ಓಡಿ ಬಂದ್ನಿ, ಒಲಿ ಮ್ಯಾಲ ಕೋಳಿ ಸಾರು ಸೀದು ಹೋತು!”

ಸಭೆಯೆಲ್ಲ ಅಣ್ಣನನ್ನು ಸುತ್ತುವರಿಯಿತು. ಅಣ್ಣ ಜಗ್ಗಲಿಲ್ಲ.

“ಯಂತ್ರದ್ದೇನು ತಪ್ಪು? ಇವರು ನಿದ್ರಿಸಿದ್ದು ಖರೆ. ಕರ್ತನ ಆಲಯದಾಗ ನಿದ್ರಿಸಿದ್ದೂ ಖರೆ. ಗೊರಕಿ ಕೇಳಿ ಖಾತ್ರಿ ಮಾಡ್ಕೊಂಡ ಬರದೈತಿ!”

“ಗೊರಕಿ?” ಹನೋಕಪ್ಪನವರು ಕೆರಳಿದರು. ಸತ್ತ ಸುದ್ದಿಗೂ ಅವರು ಇಷ್ಟು ಸಿಟ್ಟಾಗಿರಲಿಲ್ಲ. “ನನಗ ಗೊರಕಿ ಬರೂದಿಲ್ಲ! ಬೇಕಾರ ನನ್ನ ಹೇಣ್ತೀನ್ನ ಕೇಳ್ರಿ!”

ದೊರ್ಕಮ್ಮ ಆಕಾಶ ನೋಡಿದರು.

“ಆತು, ಗೊರಕಿ ಲೆಕ್ಕ ತಗದ ಹಾಕತೀನಿ” ಎಂದು ಅಣ್ಣ ಸ್ಕ್ರೂ ಡ್ರೈವರ್ ಹಿಡಿದ. “ಇನ್ನ ಮ್ಯಾಲ ಕಣ್ಣ ಅಷ್ಟ ನೋಡತೈತಿ. ಭಾಳ ಹೊತ್ತು ಮುಚ್ಚಿದ್ರ ನಿದ್ದಿ, ಇಲ್ಲಂದ್ರ ಇಲ್ಲ. ಸಣ್ಣ ಪ್ರಾರ್ಥನಿಗೆ ತೊಂದ್ರಿಲ್ಲ.”

“ಅಣ್ಣಾ, ಅದನ್ನ ಬಂದ್ ಮಾಡಬಾರದೇನು?” ಎಂದು ನಾನು ಅಂಗಲಾಚಿದೆ.

“ಬಂದ್ ಮಾಡೂದು ಹೆದರುಪುಕ್ಕರ ಕೆಲಸ!”

ಇವರು ಜಗಳವಾಡುತ್ತಿದ್ದಾಗ ಮಂದೆಪಾಲ ಕಿಟಕಿಯಿಂದಲೇ ಹನೋಕಪ್ಪನವರ ತೆರೆದ ಕಣ್ಣುಗಳನ್ನು ಕಂಡು, ತನ್ನ ತಪ್ಪನ್ನು ತಾನೇ ಪ್ರಾಮಾಣಿಕವಾಗಿ ತಿದ್ದಿಕೊಂಡಿತು. ಸ್ಮಶಾನದ ಕಮಾನಿನ ಮೇಲೆ ಯೇಸು ಸತ್ತು ಎದ್ದ ಈಸ್ಟರ್ ಹಬ್ಬದ ಮಾತು ಬರೆಸಿದ್ದೇವೆ. ಅದನ್ನೂ ಅದು ಓದಿತ್ತು:

“ಹನೋಕಪ್ಪನವರು ಎದ್ದಿದ್ದಾರೆ! ನಿಜವಾಗಿಯೂ ಎದ್ದಿದ್ದಾರೆ!”

ಸತ್ತ ಸುದ್ದಿ ಊರು ದಾಟಿರಲಿಲ್ಲ. ಎದ್ದ ಸುದ್ದಿ ಜಿಲ್ಲೆ ದಾಟಿತು!

ಮರುದಿನದಿಂದ ಜನವೋ ಜನ. ಕೆಮ್ಮುವವರು, ಕುಂಟುವವರು, ಸಾಯಲು ಸಿದ್ಧರಿಲ್ಲದವರು, ಮಾವನನ್ನು ಸಾಯಲು ಬಿಡಲೊಲ್ಲದ ಅಳಿಯಂದಿರು. ಸತ್ತ ಮೊಬೈಲ್ ತಂದವನೂ ಒಬ್ಬನಿದ್ದ. ಹನೋಕಪ್ಪನವರು ಜರಿ ಶಾಲು ಹೊದ್ದು ಕಟ್ಟೆಯ ಮೇಲೆ ಕೂತು ಎಲ್ಲರಿಗೂ ದರ್ಶನ ಕೊಟ್ಟರು. ಬೈಬಲಿನ ಹನೋಕ ಸಾಯದೆಯೇ ಪರಲೋಕಕ್ಕೆ ಹೋದವನು. ನಮ್ಮ ಹನೋಕಪ್ಪನವರು ಹೋಗದೆಯೇ ವಾಪಸು ಬಂದವರು.

“ಕಾಕಾ, ನಾ ಸತ್ತಿರಲಿಲ್ಲ ಅಂತ ಹೇಳಬಾರದೇನ್ರಿ?” ಎಂದು ನಾನು ಕೈ ಮುಗಿದು ಕೇಳಿದೆ.

“ನಾ ಎಲ್ಲಿ ಸುಳ್ಳ ಹೇಳೀನಿ ಅಮ್ಮಾರ? ‘ಅಲ್ಲಿ ಹೆಂಗಿತ್ರಿ?’ ಅಂತ ಕೇಳ್ತಾರ. ‘ಭಾಳ ತಂಪಿತ್ತು’ ಅಂತೀನಿ. ಫ್ಯಾನಿನ ಬುಡಕ ಕುಂತಿದ್ನಿಲ್ಲೋ?”

ಕ್ಷೇತ್ರಾಧ್ಯಕ್ಷ ರೆವರೆಂಡ್ ಸುಗುಣಾಕರರು ಬಂದ ಭಾನುವಾರ ನಮ್ಮ ಚರ್ಚಿನ ಗುಡಿ ತುಂಬಿ, ಕಿಟಕಿಗಳಲ್ಲೂ ತಲೆಗಳು. ಅಧ್ಯಕ್ಷರ ಮುಖ ಅರಳಿತು. “ಇಂಥಾ ಜೀವಂತ ಸಭಿ ನಾ ನೋಡೇ ಇಲ್ಲ! ಇದನ್ನ ಯಾರು ಮುಚ್ಚತೀನಿ ಅಂದವರು?” ಎಂದರು. ಅಂದವರು ಅವರೇ.

ನನ್ನ ಗಂಡ ಬೆಳಗ್ಗೆಯಿಂದ ಚಹಾ ಸಹ ಮುಟ್ಟಿರಲಿಲ್ಲ. “ಖರೆ ಹೇಳಿದ್ರ ಸಭಿ ಹೋಗತೈತಿ. ಹೇಳದಿದ್ರ ನಾ ಯಾವ ಮಾರಿ ಹೊತ್ಕೊಂಡು ಪೀಠದಾಗ ನಿಲ್ಲಲಿ?” ಎಂದು ನನ್ನನ್ನು ಕೇಳಿದ್ದರು. ಹೇಳಿ ಎಂದೂ ಹೇಳಬೇಡಿ ಎಂದೂ ಎರಡನ್ನೂ ನಾನು ಹೇಳಿದ್ದೆ. ಸಲಹೆ ಕೇಳಿದರೆ ನನಗೆ ಹಾಗೇ ಆಗುತ್ತದೆ.

ಕೊನೆಗೆ ಅವರು ನಮ್ಮಲ್ಲಿ ಹಿಂದಿನಿಂದ ನಡೆದುಬಂದ ದಾರಿಯನ್ನೇ ಹಿಡಿದರು. ಜನರ ಮುಖಕ್ಕೆ ಹೇಳಲಾಗದ್ದನ್ನು ಸಭಾಪಾಲಕರು ಪ್ರಾರ್ಥನೆಯಲ್ಲಿ ದೇವರಿಗೆ ತಿಳಿಸುತ್ತಾರೆ. “ಕರ್ತನೇ, ಅಂಗಳದ ನಲ್ಲಿ ಮುರಿದವರು ಯಾರೆಂದು ನೀನು ಬಲ್ಲೆ” ಎಂದು ಭಾನುವಾರ ಪ್ರಾರ್ಥಿಸಿದರೆ ಸೋಮವಾರ ನಲ್ಲಿ ರಿಪೇರಿಯಾಗಿರುತ್ತದೆ. ದೇವರಿಗೆ ಗೊತ್ತಿರುವುದನ್ನೇ ದೇವರಿಗೆ ಹೇಳಿದ ಹಾಗೂ ಆಯಿತು, ಯಾರ ಕಣ್ಣನ್ನೂ ನೋಡುವ ಕಷ್ಟವಿಲ್ಲ.

“ಪ್ರಾರ್ಥಿಸೋಣ” ಎಂದರು. ಎಲ್ಲರೂ ಕಣ್ಣು ಮುಚ್ಚಿ ತಲೆ ಬಾಗಿಸಿದರು.

“ಕರ್ತನೇ, ಹನೋಕಪ್ಪನವರು ಸತ್ತಿರಲಿಲ್ಲವೆಂದು ನೀನು ಬಲ್ಲೆ. ಅವರು ನನ್ನ ಪ್ರಸಂಗದಲ್ಲಿ ಮಲಗಿದ್ದರೆಂದೂ ಬಲ್ಲೆ...”

ಗುಡಿಯಲ್ಲಿ ಸಣ್ಣದೊಂದು ನಿಟ್ಟುಸಿರು ಹಾದುಹೋಯಿತು. ಆದರೆ ಯಾರೂ ಕಣ್ಣು ತೆರೆಯಲಿಲ್ಲ. ಪ್ರಾರ್ಥನೆ ಸಾಗಿತು. ಸ್ಮಶಾನದ ಕಲ್ಲುಗಳನ್ನು ವಿವರಿಸಿತು, ಮಿಕ್ಸರನ್ನು ವಿವರಿಸಿತು, ಮೌನೇಶಪ್ಪನ ಟೇಪನ್ನೂ ಬಿಡಲಿಲ್ಲ. ನನಗೆ ನೆಮ್ಮದಿಯಿಂದ ಕಣ್ಣು ಮುಚ್ಚಿ ಅಭ್ಯಾಸವಿಲ್ಲ. ಒಂದು ಕಣ್ಣು ತೆರೆದು ಮಂದೆಪಾಲನನ್ನೇ ನೋಡುತ್ತಿದ್ದೆ. ಅದು ಬೆಂಚಿನಿಂದ ಬೆಂಚಿಗೆ ಕತ್ತು ತಿರುಗಿಸುತ್ತ ಒಂದೊಂದು ತಲೆಗೂ ಒಮ್ಮೆ ಕೆಂಪಗೆ ಮಿನುಗುತ್ತಿತ್ತು. ಕೂಗಬೇಕೆನಿಸಿತು. ಆದರೆ ಪ್ರಾರ್ಥನೆಯ ನಡುವೆ ಕೂಗಿದರೆ ಜನ ಏನೆಂದಾರು? ಅದು ಅಧ್ಯಕ್ಷರತ್ತ ಮಿನುಗಿತು. ನನ್ನ ಗಂಡನತ್ತ ಮಿನುಗಿತು. ಹೆಮ್ಮೆಯಿಂದ ಕಣ್ಣು ಮುಚ್ಚಿ ಕೂತಿದ್ದ ಅಣ್ಣನತ್ತಲೂ ಮಿನುಗಿತು!

“ಆಮೆನ್” ಎನ್ನುವಷ್ಟರಲ್ಲಿ ಅಧ್ಯಕ್ಷರ ಫೋನ್ ರಿಂಗಣಿಸಿತು. ದೊಡ್ಡವರು, ಬಂದ್ ಮಾಡಿರಲಿಲ್ಲ.

“ಹಲೋ, ನಾನಽ ಮಾತಾಡೋದು” ಎಂದರು.

ಅತ್ತಲಿಂದ ಅವರ ಹೆಂಡತಿಯ ಅಳು ಇಡೀ ಗುಡಿಗೆ ಕೇಳಿಸಿತು: “ಯಾರ್ರೀ ನೀವು? ಸತ್ತವರ ಫೋನ್ ಎತ್ತಾಕ ನಾಚಿಕಿ ಆಗೂದಿಲ್ಲೇನು? ಕಿಸೆದಾಗಿಂದ ತಗೊಂಡೀರೇನು? ಇಡ್ರಿ ಕೆಳಗ!”

ಅಂದು ಅಧ್ಯಕ್ಷರಿಗೆ ತೋರಿಸಿ ಮೆಚ್ಚಿಸಬೇಕೆಂದು ಅಣ್ಣ ಯಂತ್ರವನ್ನು ಪ್ರಾಂತದ ಕಚೇರಿಯ ಗ್ರೂಪಿಗೂ ಜೋಡಿಸಿದ್ದ. ಅಧ್ಯಕ್ಷರು ಮೊದಲುಗೊಂಡು ಸಭೆಗೆ ಸಭೆಯೇ ಕರ್ತನಲ್ಲಿ ನಿದ್ರಿಸಿದ ಸುದ್ದಿ, ಒಬ್ಬೊಬ್ಬರ ಹೆಸರಿನಲ್ಲಿ, ಸಾಲಾಗಿ ಅಲ್ಲಿಗೆ ಮುಟ್ಟಿತ್ತು. ಆಶೀರ್ವಾದಕ್ಕೆ ಎಲ್ಲರೂ ಎದ್ದು ನಿಂತಾಗ ಮಂದೆಪಾಲ ‘ಎದ್ದಿದ್ದಾರೆ’ ಎಂದು ಬರೆಯಲು ಹೊರಟಿತು. ಆದರೆ ಒಮ್ಮೆಗೇ ಅಷ್ಟೊಂದು ಮರಣವಾರ್ತೆ ಕಳಿಸಿದ್ದಕ್ಕೆ ವಾಟ್ಸಾಪಿನವರು ಅದರ ನಂಬರನ್ನೇ ಬಂದ್ ಮಾಡಿದ್ದರು. ಹೀಗಾಗಿ ಸಾವು ತಲುಪಿತು, ಪುನರುತ್ಥಾನ ತಲುಪಲಿಲ್ಲ.

ಬೇರೆ ಊರಿನವರು ಸತ್ಯ ತಿಳಿದು ಬೈಯುತ್ತ ಹೋದರು. ಉಳಿದವರು ನಾವೇ ನಾಲ್ಕು ಜನ. ಅಧ್ಯಕ್ಷರು ಹಣೆಯ ಬೆವರು ಒರೆಸಿಕೊಂಡು, “ಈ ಸಭಿ ಮುಚ್ಚಿದ್ದಽ ಅಂತ ತಿಳಕೋರಿ!” ಎಂದು ಕಾರು ಹತ್ತಿದರು. ನನ್ನ ಗಂಡ ಬೆಂಚುಗಳನ್ನು ಸರಿಪಡಿಸಿದರು. ಆ ದಿನ ಅವರು ಚಪಾತಿ ತಿಂದರು. ಮನಸ್ಸು ಹಗುರಾದದ್ದು ಅವರೊಬ್ಬರಿಗೇ.

ಆ ವಾರದಲ್ಲೇ ಅಧ್ಯಕ್ಷರು ಮತ್ತೆ ಬಂದರು. ಈ ಸಲ ಕಾರಿರಲಿಲ್ಲ, ಬಸ್ಸಿನಲ್ಲಿ ಬಂದಿದ್ದರು. ಕಚೇರಿಯಲ್ಲಿ ಅವರಿಗೆ ಸಂತಾಪಸಭೆ ನಡೆಸಿ, ಅವರ ಕುರ್ಚಿಯಲ್ಲಿ ಬೇರೊಬ್ಬರನ್ನು ಕೂರಿಸಿಯೂ ಆಗಿತ್ತು. ನಮ್ಮ ಪ್ರಾಂತದಲ್ಲಿ ಬದುಕಿದವರ ಅರ್ಜಿ ವರ್ಷಗಟ್ಟಲೆ ಕಾಯುತ್ತದೆ; ಖಾಲಿ ಕುರ್ಚಿ ಮಾತ್ರ ಮಧ್ಯಾಹ್ನದ ಊಟದ ತನಕವೂ ಕಾಯುವುದಿಲ್ಲ.

“ನಾ ಎದುರಿಗೆ ನಿಂತರೂ ನಂಬೂದಿಲ್ಲ ಅಮ್ಮಾರ” ಎಂದು ಅವರು ಬಾಗಿಲಲ್ಲೇ ನಿಂತು ಹೇಳಿದರು. “ಯಾವ ಸಭಿಯಿಂದ ಸಾವಿನ ಸುದ್ದಿ ಬಂದೈತೋ, ಆ ಸಭಿಯವರ ಯಾರರೆ ಬದುಕಿದವರು ಸಹಿ ಮಾಡಿ ಕೊಡಬೇಕಂತ. ನಿಮ್ಮ ಯಜಮಾನ್ರ ಸಹಿ ನಡಿಯೂದಿಲ್ಲ. ಅವರೂ ತೀರಿಕೊಂಡಾರ. ಯಂತ್ರ ಬಿಟ್ಟಿದ್ದು ನಿಮ್ಮೊಬ್ಬರನ್ನ.”

ಅವರು ಕಾಗದ ಮುಂದೆ ಚಾಚಿದರು. ‘ರೆವರೆಂಡ್ ಸುಗುಣಾಕರರು ಜೀವಂತರಾಗಿದ್ದಾರೆ’ ಎಂದಿತ್ತು. ನಾನು ಪೆನ್ನಿನ ಮುಚ್ಚಳ ತೆಗೆದೆ, ಮತ್ತೆ ಹಾಕಿದೆ. ಸಹಿ ಎಂದರೆ ಸಣ್ಣ ಮಾತೇ? ತಪ್ಪಿದರೆ ಹೊಣೆ ಯಾರು?

“ಏನ ವಿಚಾರ ಮಾಡ್ತೀರಿ? ನಾ ಕಾಣವಲ್ನೇನು?”

“ಕಾಣ್ತೀರಿ. ಆದ್ರ ನಮ್ಮ ಸಭೀನೂ ನಿಮಗ ಕಂಡಿತ್ತಲ್ರಿ” ಎಂದೆ. ಅಂದದ್ದು ನಾನೇನಾ ಎಂದು ನನಗೇ ಅನುಮಾನವಾಯಿತು. ಆದರೂ ಪೆನ್ನನ್ನು ಅವರ ಕಡೆಗೇ ಚಾಚಿದೆ. “ಮೊದಲ ನಮ್ಮ ಸಭಿ ಜೀವಂತ ಐತಿ, ಮುಚ್ಚೂದಿಲ್ಲ ಅಂತ ನೀವು ಬರೀರಿ. ಆಮ್ಯಾಲ ನೀವು ಜೀವಂತ ಅದೀರಿ ಅಂತ ನಾ ಸಹಿ ಮಾಡ್ತೀನಿ.”

ಒಳಕೋಣೆಯಿಂದ ನನ್ನ ತೀರಿಕೊಂಡ ಗಂಡ ಕೆಮ್ಮಿದರು. ಅಧ್ಯಕ್ಷರು ಕುಳಿತು ಬರೆದರು. ನಾನೂ ಸಹಿ ಮಾಡಿದೆ.

ಎರಡೂ ಕಾಗದ ಕಚೇರಿಯಲ್ಲಿ ಮಂಜೂರಾದವು. ಅವೆರಡರಲ್ಲಿ ಯಾವುದು ಹೆಚ್ಚು ನಿಜವೆಂದು ಮಾತ್ರ ನನಗೆ ಈಗಲೂ ಖಾತ್ರಿಯಿಲ್ಲ.