ಕ್ಯಾಪ್ಟನ್ ಇಲ್ಲದ ಉಳುಮೆ

"ಇನ್ನು ಈ ಜನ್ಮದಲ್ಲಿ ಎತ್ತಿನ ಬಾಲ ಹಿಡಿಯಲ್ಲ!" ಎಂದು ಜಾಂಬಿಯಾದ ಕಲೋಮೋ ಸೀಮೆಯ ರೈತ ಹಾಮೂಂಗಾ, ಹಿಟ್ಟಿನ ಗಿರಣಿಯ ಮುಂದೆ ಕೇಳಿದವರಿಗೂ ಕೇಳದವರಿಗೂ ಸಾರಿದ. ಕ್ಯಾಪ್ಟನ್, ಪೌಡರ್ ಎಂಬ ತನ್ನ ಜೋಡಿ ಎತ್ತುಗಳನ್ನು ಪಕ್ಕದ ಹೊಲದ ಹಾಚಿಪುಕಾನಿಗೆ ಮಾರಿ, ಜಪಾನಿನಲ್ಲಿ ಯಾರೋ ಇಪ್ಪತ್ತು ವರ್ಷ ಉತ್ತು ಸಾಕೆನಿಸಿ ಬಿಟ್ಟ ಪುಟ್ಟ ಟ್ರ್ಯಾಕ್ಟರೊಂದನ್ನು ಮನೆಗೆ ತಂದ. ಅದರ ಮೈತುಂಬ ಜಪಾನಿ ಅಕ್ಷರ.

"ಇದನ್ನ ಯಾರು ಓದ್ತಾರೆ?" ಎಂದಳು ಹೆಂಡತಿ ನ್ಚಿಮುನ್ಯಾ.

"ಎತ್ತಿನ ಮೈಮೇಲೆ ಏನಾದ್ರೂ ಬರೆದಿತ್ತಾ?"

ಮಗಳು ಚೂಲ್ವೆಯ ಹೆಸರು ಹಿಡಿದೇ ಗಂಡನನ್ನು ಕರೆಯುವ ಅವಳಿಗೆ ಬೇಕಿದ್ದದ್ದು ಒಂದೇ. "ಚೂಲ್ವೆ ಅಪ್ಪಾ, ಮೊದಲ ಮಳೆಯ ಹಸಿ ಆರೋದ್ರೊಳಗೆ ನನ್ನ ಶೇಂಗಾ ಹೊಲ ಉತ್ತುಕೊಡಿ. ಈ ವರ್ಷ ಅದೂ ತಪ್ಪಿದ್ರೆ ನನ್ನದು ಅಂತ ಒಂದು ಕಾಳೂ ಇರಲ್ಲ."

"ಮಧ್ಯಾಹ್ನದೊಳಗೆ ಮುಗೀತು ಅನ್ಕೋ."

ಬ್ಯಾಟರಿ ಸತ್ತಿತ್ತು. ಆರು ಜನ ದಿಬ್ಬದ ಮೇಲಿಂದ ನೂಕಿದ ಮೇಲೆ ಟ್ರ್ಯಾಕ್ಟರು ಕೆಮ್ಮಿ ಎದ್ದಿತು. ರೇಡಿಯೇಟರು ಮೂರು ಬಿಂದಿಗೆ ನೀರು ಕುಡಿದು, ಅಷ್ಟನ್ನೂ ದಾರಿಯುದ್ದಕ್ಕೂ ಸುರಿಸಿತು. ಅಂತೂ ಮೊದಲ ಸಾಲಿನ ಕೊನೆ ಮುಟ್ಟಿದಾಗ ಹಾಮೂಂಗಾನ ಬಾಯಿಂದ ಹಳೆಯ ಅಭ್ಯಾಸ ತಾನಾಗಿಯೇ ಹೊರಬಿತ್ತು. "ಹ್ವಾ!" ಎತ್ತುಗಳನ್ನು ನಿಲ್ಲಿಸುವ ಕೂಗು ಅದು. ಸ್ಟಿಯರಿಂಗನ್ನು ಹಗ್ಗದಂತೆ ಎದೆಗೆಳೆದುಕೊಂಡ. ಟ್ರ್ಯಾಕ್ಟರು ನಿಲ್ಲಲಿಲ್ಲ. "ಹ್ವಾ, ಕ್ಯಾಪ್ಟನ್!" ಆಗಲೂ ನಿಲ್ಲಲಿಲ್ಲ. ಕೊನೆಗೆ ಬ್ರೇಕು ನೆನಪಾಯಿತು. ಆದರೆ ಈ ಗಾಡಿಗೆ ಎಡಚಕ್ರಕ್ಕೊಂದು, ಬಲಚಕ್ರಕ್ಕೊಂದು ಬ್ರೇಕು. ಎರಡನ್ನೂ ಜೋಡಿಸುವ ಪಿನ್ನು ಎಲ್ಲೋ ಬಿದ್ದುಹೋಗಿತ್ತು. ಒಂದನ್ನೇ ತುಳಿದ. ಟ್ರ್ಯಾಕ್ಟರು ಗಿರ್ರನೆ ತಿರುಗಿ ಉತ್ತಿದ್ದನ್ನೇ ಅಡ್ಡಡ್ಡ ಉತ್ತಿತು. ಪ್ರತಿ ಸಾಲಿಗೂ ಇದೇ ಕಥೆ.

ಅಷ್ಟರಲ್ಲಿ ಹಾಚಿಪುಕಾ ಬೇಲಿ ದಾಟಿ ಬಂದ.

"ಅಣ್ಣಾ, ಸ್ವಲ್ಪ ಬಾಯಿ ಮುಚ್ಕೊಂಡು ಉಳು ಮಾರಾಯ. ನೀನಿಲ್ಲಿ ಹ್ವಾ ಅಂದಾಗೆಲ್ಲ ಅಲ್ಲಿ ನನ್ನ ಎತ್ತು ನಿಂತ್ಬಿಡ್ತವೆ. ಬೆಳಗಿಂದ ಮೂರು ಸಾಲು ಆಗಿಲ್ಲ."

"ಇನ್ನೂ ನಿಲ್ತವಾ?"

"ನಿಂತು ಈ ಕಡೆಗೇ ನೋಡ್ತವೆ."

ಹಾಮೂಂಗಾನಿಗೆ ನಾಚಿಕೆಯಾಗಬೇಕಿತ್ತು. ಆದರೆ ಅವನು ಬೇಲಿಯಾಚೆಗೆ ಕತ್ತು ಚಾಚಿ ನೋಡಿದ. ಕ್ಯಾಪ್ಟನ್ನನ ಬಿಸಿಯುಸಿರು ಕುತ್ತಿಗೆಗೆ ತಾಗದೆ ಬೆಳಗಾಗಿ ಎಷ್ಟು ದಿನವಾಯಿತು! ಅವನು ಬಾಯಿ ಮುಚ್ಚಿಕೊಂಡು ಮುಂದಿನ ಸಾಲು ಹಿಡಿದ. ಮನಸ್ಸೆಲ್ಲ ಬೇಲಿಯಾಚೆ ಇದ್ದುದರಿಂದ ಕಾಲು ಬ್ರೇಕನ್ನೂ ಮರೆಯಿತು. ಟ್ರ್ಯಾಕ್ಟರು ಹೊಲದ ಕೊನೆ ದಾಟಿ ಜೌಗಿಗೆ ಇಳಿದು ಅಚ್ಚಿನವರೆಗೆ ಹೂತುಕೊಂಡಿತು.

ಅದನ್ನು ಸರಪಳಿ ಹಾಕಿ ಎಳೆದು ತಂದದ್ದು ಕ್ಯಾಪ್ಟನ್ ಮತ್ತು ಪೌಡರ್. ಎಳೆದ ಮೇಲೆ ಅವು ಹಾಮೂಂಗಾನ ಪಕ್ಕ ಬಿಟ್ಟು ಕದಲಲಿಲ್ಲ. ಹಾಚಿಪುಕಾ ನಿಟ್ಟುಸಿರು ಬಿಟ್ಟು ನೇಗಿಲನ್ನು ಅವನ ಕೈಗೇ ಕೊಟ್ಟ. ಹೊತ್ತು ಇಳಿಯುವುದರೊಳಗೆ ಶೇಂಗಾ ಹೊಲ ನೆಟ್ಟಗೆ ಉತ್ತು ಮುಗಿಯಿತು.

ಎತ್ತುಗಳು ಹೊರಟಾಗ ಹಾಮೂಂಗಾನೂ ಹಿಂದೆಯೇ ಹೊರಟ.

"ಚೂಲ್ವೆ ಅಪ್ಪಾ, ಮನೆ ಈ ಕಡೆ" ಎಂದಳು ನ್ಚಿಮುನ್ಯಾ.

ಅವನು ಕೇಳಿಸದವನಂತೆ ಹಾಚಿಪುಕಾನ ತೋಳು ಹಿಡಿದ. "ತಮ್ಮಾ, ಟ್ರ್ಯಾಕ್ಟರು ನೀನೇ ಇಟ್ಕೋ. ಇವೆರಡನ್ನ ನಂಗೆ ವಾಪಸ್ ಕೊಡು."

ಹಾಚಿಪುಕಾ ಜೌಗಿನ ಕೆಸರು ಮೆತ್ತಿದ ಟ್ರ್ಯಾಕ್ಟರನ್ನು ಆಪಾದಮಸ್ತಕ ನೋಡಿದ. "ಅದನ್ನ ಎಳೆಯೋಕೆ ಎತ್ತಿಲ್ಲದೆ ನಾನೇನು ಮಾಡ್ಲಣ್ಣಾ?"