ಅತ್ತೆಯ ಬೋರಮಾಳ, ಅಳಿಯನ ಬಿ.ಪಿ.

ನನ್ನದು ಹುಟ್ಟಾ ಕಳ್ಳನ ಮುಖ. ವಿನಯಕ್ಕೆ ಹೇಳುತ್ತಿರುವ ಮಾತಲ್ಲ ಇದು. ದಾಂಡೇಲಿಯಿಂದ ಹೊರಟ ಬಸ್ಸಿಗೆ ಟಿಕೆಟ್ ಚೆಕಿಂಗ್‌ನವರು ಹತ್ತಿದರೆ ಮೂವತ್ತು ಜನರನ್ನು ಬಿಟ್ಟು ನೇರ ನನ್ನ ಸೀಟಿಗೇ ಬರುತ್ತಾರೆ. ಟಿಕೆಟ್ ಕಿಸೆಯಲ್ಲೇ ಇರುತ್ತದೆ, ಆದರೂ ಎದೆ ಡವಡವ, ಅಂಗೈಯಲ್ಲಿ ನೀರು. ಸಾಲಿಯಲ್ಲಿ ಮಾಸ್ತರರು “ನಿನ್ನೆ ಗಡಿಯಾರ ಒಡೆದವರು ಯಾರಲೇ?” ಎಂದು ಗುಡುಗಿದರೆ, ನಿನ್ನೆ ಸಾಲಿಗೇ ಬಾರದಿದ್ದ ನಾನು ಬೆವರಿದ್ದುಂಟು. ಸುಳ್ಳು ಹಿಡಿಯುವ ಯಂತ್ರವೊಂದಿದೆಯಂತೆ. ಉಸಿರು, ನಾಡಿ, ಬೆವರು, ರಕ್ತದೊತ್ತಡ ಎಲ್ಲ ಅಳೆದು ಹೇಳುತ್ತದಂತೆ. ಪುಣ್ಯಕ್ಕೆ, ಒಪ್ಪಿಗೆ ಇಲ್ಲದೆ ಅದನ್ನು ಯಾರಿಗೂ ಕಟ್ಟುವಂತಿಲ್ಲವಂತೆ. ಆದರೆ ಆ ಕಾನೂನು ಹೆಂಡತಿಯ ತವರುಮನೆಗೆ ಇನ್ನೂ ಬಂದು ಮುಟ್ಟಿಲ್ಲ.

ಮುಂಡಗೋಡದಲ್ಲಿ ನನ್ನ ಹೆಂಡತಿ ರೇಣುಕಾಳ ಕಾಕಾನ ಮಗಳ ನಿಶ್ಚಯ ಕಾರ್ಯವಿತ್ತು. ಅತ್ತೆಯನ್ನು ಕರೆದುಕೊಂಡು ಹೋಗೋಣವೆಂದು ನಾವಿಬ್ಬರೂ ಹಿಂದಿನ ದಿನವೇ ಹಳಿಯಾಳಕ್ಕೆ ಬಂದು ಅತ್ತೆಯ ಮನೆಯಲ್ಲಿ ಉಳಿದಿದ್ದೆವು. ಬೆಳಿಗ್ಗೆ ಅತ್ತೆ ಟ್ರಂಕು ತೆಗೆದರೆ ಬೋರಮಾಳ ಇಲ್ಲ! ಅವರ ಮದುವೆಯ ಕಾಲದ ಬಂಗಾರದ ಗುಂಡಿನ ಸರ ಅದು. ಟ್ರಂಕಿನ ಕೀಲಿ ಸದಾ ಅತ್ತೆಯ ಸೊಂಟದಲ್ಲೇ ಇರುತ್ತದೆ, ಸ್ನಾನಕ್ಕೆ ಹೋಗುವಾಗ ಮಾತ್ರ ಗೂಟಕ್ಕೆ ಏರುತ್ತದೆ. ಎಲ್ಲರ ಕಣ್ಣೂ ಮೆಲ್ಲಗೆ ಹಿತ್ತಲಿಗೆ ಹೋದವು. ಅಲ್ಲಿ ಭಾಂಡೆ ತಿಕ್ಕುವ ಶಾಂತವ್ವ ಕೂತಿದ್ದಳು. ಆಕೆ ಆ ಮನೆಗೆ ಬರುವುದು ನನ್ನ ಮದುವೆಗಿಂತ ಮೊದಲಿನಿಂದ. ಹೆಸರು ಒಮ್ಮೆ ಕೆಟ್ಟರೆ ಆ ಓಣಿಯಲ್ಲಿ ಯಾವ ಮನೆಯ ಬಾಗಿಲೂ ಆಕೆಗೆ ತೆರೆಯುವುದಿಲ್ಲ. ಬಡವರ ಮೇಲೆ ಅನುಮಾನ ಎಷ್ಟು ಸಲೀಸಾಗಿ ಹೋಗಿ ಕೂರುತ್ತದೆ ನೋಡಿ! ನನಗೆ ಸಿಟ್ಟು ಬಂತು. ಆದರೆ ಬಾಯಿ ಬಿಡಲಿಲ್ಲ, ಯಾಕೆಂದರೆ ಸಿಟ್ಟು ಬಂದರೂ ನನ್ನ ಮುಖ ಕಳ್ಳನ ಹಾಗೆಯೇ ಕಾಣುತ್ತದೆ.

ತನಿಖೆ ವಹಿಸಿಕೊಂಡವನು ಹೆಂಡತಿಯ ತಮ್ಮ ಬಸವರಾಜ. ಗಣೇಶಗುಡಿ ಕಡೆ ಫಾರೆಸ್ಟ್ ಗಾರ್ಡ್. ಸಾಗವಾನಿ ಕಡಿದವರನ್ನು ಮುಖ ನೋಡಿಯೇ ಹಿಡಿಯುತ್ತೇನೆಂದು ಹೇಳಿಕೊಳ್ಳುವ ಗಂಡು. ಅವತ್ತು ಮುಖ ಸಾಲದೆಂದು ಅತ್ತೆಯ ಬಿ.ಪಿ. ಮಷಿನ್ ತಂದು ಪಡಸಾಲೆಯಲ್ಲಿ ಇಟ್ಟ. “ಸುಳ್ಳು ಹೇಳಿದ್ರ ಬಿ.ಪಿ. ಏರತೈತಿ. ಸುಳ್ಳು ಹಿಡಿಯೂ ದೊಡ್ಡ ಮಷಿನ್ನೂ ಇದನ್ನ ನೋಡತೈತಿ” ಎಂದ.

“ಕಟ್ಟಪಾ ಬಸಣ್ಣ, ಬೇಕಾದ್ರ ಎರಡೂ ಕೈಗೆ ಕಟ್ಟು. ನಿನ್ನ ಕುಂಡಿ ತೊಳದಾಕಿ ನಾನು, ನನ್ನ ಮ್ಯಾಲ ಅನುಮಾನ ಏನು?” ಎಂದು ಶಾಂತವ್ವ ಕೈ ಚಾಚಿದಳು. “ಬೋರಮಾಳ ತಗೊಂಡಿ?” “ಇಲ್ಲ.” ಮಷಿನ್ ಶಾಂತವ್ವನಷ್ಟೇ ಶಾಂತ. ಬಸುವಿಗೆ ನಿರಾಶೆಯಾಯಿತು. ಮಷಿನ್ನೇ ಕೆಟ್ಟಿರಬೇಕು ಎಂದುಕೊಂಡು ನನ್ನ ಕಡೆ ತಿರುಗಿ, “ಮಾಮಾ, ನಿಮಗ ಕಟ್ಟಿ ನೋಡೂಣು ಬರ್ರಿ. ನೀವಂತೂ ಕಳ್ಳರಲ್ಲ, ಮಷಿನ್ ಬರೋಬ್ಬರಿ ಐತಿಲ್ಲೋ ತಿಳೀತೈತಿ” ಎಂದ.

ಪಟ್ಟಿ ತೋಳನ್ನು ಬಿಗಿಯತೊಡಗಿದಾಗಲೇ ನನ್ನ ಜೀವ ಅರ್ಧವಾಗಿತ್ತು. “ಬೋರಮಾಳ ತಗೊಂಡೀರೇನ್ರಿ?” “ಇಲ್ಲ” ಅಂದೆ. ಅಯ್ಯೋ, ಮಷಿನ್ ಕುಂಯ್ ಕುಂಯ್ ಎಂದು ಕೂಗಿಕೊಂಡಿತು! ಅಂಕಿಗಳು ಅಣಶಿ ಘಟ್ಟ ಹತ್ತಿದವು. “ನನ್ನ ಗಂಡ ಹಂಗಲ್ಲ!” ಎಂದ ರೇಣುಕಾಳ ದನಿಯಲ್ಲೂ ಜೋರಿರಲಿಲ್ಲ. ಬಸುವಿನೊಳಗಿನ ಗಾರ್ಡ್ ಎದ್ದು ನಿಂತ. “ಯಾಕ ಬೆವರಾಕತ್ತೀರಿ ಮಾಮಾ? ಖರೇ ಹೇಳಿಬಿಡ್ರಿ, ಯಾರೂ ಏನೂ ಅನ್ನೂದಿಲ್ಲ. ಎಲ್ಲಿ ಇಟ್ಟೀರಿ?” ಪ್ರಶ್ನೆ ಮೇಲೆ ಪ್ರಶ್ನೆ. ಶಾಂತವ್ವನನ್ನು ಉಳಿಸಲು ಒಪ್ಪಿಕೊಂಡೆ ಎಂದು ಇಲ್ಲಿ ಬರೆದರೆ ನನಗೂ ಶೋಭೆ, ನಿಮಗೂ ಸಂತೋಷ. ಹಾಗೇನಿಲ್ಲ ಬಿಡಿ. ಅಂಜಿ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತ್ತು, ಬಾಯಲ್ಲಿ ನೀರೂರಿಸಲು ಹುಣಸೆಹಣ್ಣು ನೆನೆಯುತ್ತಿದ್ದೆ, ಅದೇ ಹೊರಗೆ ಬಂತು. “ನಾನೇ ತಗೊಂಡೆ. ಹುಣಸೆಹಣ್ಣಿನ ಗಡಿಗ್ಯಾಗ ಐತಿ!”

ಬಸು ಅಡುಗೆಮನೆಗೆ ಓಡಿದ. ಸಿಗುವುದಿಲ್ಲ, ಆಗ ನಾನು ನಿರಪರಾಧಿ ಎಂದು ತಾನಾಗಿಯೇ ತಿಳಿಯುತ್ತದೆ ಎಂದು ನಾನು ಸಮಾಧಾನದ ಉಸಿರು ಬಿಟ್ಟೆ. ಅವನು ಗಡಿಗೆಗೆ ಮೊಳಕೈತನಕ ಕೈ ಹಾಕಿ ಅರಿವೆಯ ಗಂಟೊಂದನ್ನು ಹೊರಗೆ ತೆಗೆದ. ಬಿಚ್ಚಿದರೆ ಬೋರಮಾಳ!

ಎಲ್ಲರಿಗಿಂತ ಹೆಚ್ಚು ಗಾಬರಿಯಾದವನು ನಾನು. ಪೊಲೀಸರ ಮುಂದೆ ಒಪ್ಪಿಕೊಂಡದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲವಂತೆ. ಹೆಂಡತಿಯ ಮುಂದೆ ಒಪ್ಪಿಕೊಂಡದ್ದು ಜನ್ಮಪೂರ್ತಿ ನಿಲ್ಲುತ್ತದೆ. ಗಂಟು ನೋಡಿದ ಅತ್ತೆ ಒಂದು ಕ್ಷಣ ಬೆಪ್ಪಾಗಿ ನಿಂತರು. ಆಮೇಲೆ, “ಸಿಕ್ತಲ್ಲ, ಬಿಡ್ರಿ. ಅಳಿಯಂದ್ರು ಹೊರಗಿನವರಲ್ಲ” ಎಂದು ಎಲ್ಲರೆದುರು ನನ್ನನ್ನು ಕ್ಷಮಿಸಿದರು. ಶಾಂತವ್ವ ನನ್ನತ್ತ ಮರುಕದಿಂದ ನೋಡಿ ಮತ್ತೆ ಭಾಂಡೆ ತಿಕ್ಕಲು ಹೋದಳು.

ಮುಂಡಗೋಡದಲ್ಲಿ ಊಟವಾದ ಮೇಲೆ ಅತ್ತೆ ನನ್ನನ್ನು ಪೆಂಡಾಲಿನ ಬದಿಗೆ ಕರೆದರು. ಕೊರಳಲ್ಲಿ ಬೋರಮಾಳ, ಹುಣಸೆಯ ಹುಳಿಗೆ ಹೊಸದರಂತೆ ಹೊಳೆಯುತ್ತಿತ್ತು. “ಹ್ವಾದ ಸಲ ನಿಮ್ಮ ಮನೀಗೆ ಬರೂ ಮುಂದ ಕಳ್ಳರ ಅಂಜಿಕಿಗೆ ನಾನ ಗಡಿಗ್ಯಾಗ ಇಟ್ಟಿದ್ದೆ, ಅಳಿಯಂದ್ರ. ಪೂರಾ ಮರತಬಿಟ್ಟಿದ್ದೆ. ನಮ್ಮ ಬಸೂಗ ಗೊತ್ತಾದ್ರ, ಅವ್ವಗ ಅರಳು ಮರಳು ಆತು ಅಂತ ಕೀಲಿ ಕಸಗೋತಾನ. ಕೀಲೀನೂ ಹೋದ್ರ ಆ ಮನ್ಯಾಗ ನಾ ಏನಾಗಿ ಇರ್ಲಿ, ನೀವ ಹೇಳ್ರಿ?” ಅವರ ಕಣ್ಣು ತುಂಬಿದ್ದವು. “ಯಾರಿಗೂ ಹೇಳೂದಿಲ್ಲ ಅತ್ತಿ” ಎಂದು ಮಾತು ಕೊಟ್ಟೆ.

ದಾಂಡೇಲಿಗೆ ಬಂದ ಮೇಲೆ ರೇಣುಕಾ ಸುಮ್ಮನೆ ಬಿಡುತ್ತಾಳೆಯೇ? ಹೊಸ ಬಿ.ಪಿ. ಮಷಿನ್ ಕೊಂಡು ತಂದು ನನ್ನ ತೋಳಿಗೆ ಕಟ್ಟಿದಳು. “ನನ್ನ ಮುಂದಾದ್ರೂ ಖರೇ ಹೇಳ್ರಿ. ನೀವು ತಗೊಂಡಿಲ್ಲ ಹೌದಲ್ಲೋ? ಅಂಜಿ ಹೂಂ ಅಂದಿರಿ, ಹೌದಲ್ಲೋ?” ಪಾಪ, ಆ ಕಣ್ಣಿನಲ್ಲಿ ಎಷ್ಟೊಂದು ಆಸೆಯಿತ್ತು! ಅತ್ತೆಯ ಮುಖ ನೆನಪಾಯಿತು. “ಇಲ್ಲ, ನಾನೇ ತಗೊಂಡಿದ್ದೆ” ಎಂದೆ. ಇಬ್ಬರೂ ಮಷಿನ್ನಿನ ಮೇಲೆ ಬಗ್ಗಿದೆವು. ಡಾಕ್ಟರು ನೋಡಿದ್ದರೆ ಬೆನ್ನು ತಟ್ಟುತ್ತಿದ್ದರು, ಅಷ್ಟು ನಾರ್ಮಲ್! ಜನ್ಮದಲ್ಲಿ ಮೊದಲ ಬಾರಿ ನೆಟ್ಟಗೊಂದು ಸುಳ್ಳು ಹೇಳಿದ್ದೆ, ಯಂತ್ರ ಅದನ್ನು ಸತ್ಯವೆಂದು ಸಾರಿತ್ತು. ರೇಣುಕಾ ಪಟ್ಟಿ ಬಿಚ್ಚಿದಳು.

ಅತ್ತೆಯ ಟ್ರಂಕಿನ ಕೀಲಿ ಈಗಲೂ ಅತ್ತೆಯ ಸೊಂಟದಲ್ಲೇ ಇದೆ. ನಮ್ಮ ಮನೆಯ ಕಪಾಟಿನ ಕೀಲಿ ಎಲ್ಲಿದೆ ಎಂಬುದನ್ನು ಮಾತ್ರ ರೇಣುಕಾ ಈ ಮನೆಯ ಯಜಮಾನನಾದ ನನಗೆ ತಿಳಿಸಿಲ್ಲ.