ಉಸಿರ ಕಂಡಿಯ ಪದ್ಯ

"ಈ ಪೆಡಲಿಗೆ ಪಾತಾಳ ನೋಡೋಕೆ ಯಾಕಿಷ್ಟು ಆತುರ?"

ಶೇಷಗಿರಿ ಕೇಳಿದ್ದು ಯಾರನ್ನೂ ಅಲ್ಲ, ಗಾಜಿನಾಚೆಯ ಆಕಾಶವನ್ನು. ಕ್ಲಚ್ ಪೆಡಲು ಮತ್ತೆ ನೆಲ ಕಚ್ಚಿತ್ತು, ಇಂಜಿನ್ ನಿಂತಿತ್ತು. ಮುಂದಿನ ಚಕ್ರಗಳು ಹೊಳೆಯ ದಡದಲ್ಲಿ, ಹಿಂದಿನವು ಇನ್ನೂ ಲಾಂಚಿನ ಹಲಗೆಯ ಮೇಲೆ! ಹಿಂದೊಂದು ಬಸ್ಸು, ಅದರ ತುಂಬ ಜನ.

ಹಿಂದಿನ ಸೀಟಿನಲ್ಲಿ ಅವನ ಹೆಂಡತಿ ಭಾಗೀರಥಿ ಸೆರಗು ಬಿಗಿಹಿಡಿದು ಕೂತಿದ್ದಳು. ಕಾರು ತೀರಿಹೋದ ಅವಳಪ್ಪನದು. ಕ್ಲಚ್ಚಿಗೆ ಎಣ್ಣೆ ತಳ್ಳುವ ಮೇಲಿನ ಸಿಲಿಂಡರ್ ಎರಡು ಸಲ, ಕೆಳಗಿನದು ಮೂರು ಸಲ ಬದಲಾಗಿತ್ತು; ಎಣ್ಣೆ ಪೈಪಿನ ಗಾಳಿ ಎಷ್ಟು ಸಲ ತೆಗೆಸಿದರೋ! ವಾರ ಕಳೆದರೆ ಅದೇ ಗೋಳು. "ಇವತ್ತೂ ಕೈ ಕೊಟ್ರೆ ನಾಳೆ ಗುಜರಿಗೆ," ಎಂದು ಗಂಡ ಬೆಳಿಗ್ಗೆಯೇ ಹೇಳಿದ್ದ. ಅವಳೂ ಸುಮ್ಮನಿರಲಿಲ್ಲ. ಶುಕ್ರವಾರವಲ್ಲವೆ, ಎಂದಿನಂತೆ ಬಾನೆಟ್ ಎತ್ತಿಸಿ, ಕಂಡ ಮುಚ್ಚಳಕ್ಕೆಲ್ಲ ಕಲಸಿದ ಕುಂಕುಮವಿಟ್ಟು ಕೈಮುಗಿದಿದ್ದಳು.

"ಹೆದರ್ಬೇಡಿ ಅತ್ತಿಗೆ! ಇಂಥ ಗಳಿಗೆಗೇ ಕಾಯ್ತಿದ್ದೆ!" ಮೈದುನ ಚಂದ್ರಚೂಡ ಮುಂದಿನ ಸೀಟಿನಿಂದ ತಿರುಗಿದ. ಅವನೆದುರು ಹಿತ್ತಾಳೆ ಚೊಂಬಿನಂಥ ಹೊಸ ಯಂತ್ರ: ಕ್ಲಚ್ ಎಣ್ಣೆಯ ನಾಡಿ ಹಿಡಿದು, ರೋಗವನ್ನು ಬಾಯಿಬಿಟ್ಟು ಹೇಳುವ 'ತೈಲವಾಣಿ'. "ರೋಗ ತಿಳಿಯೋ ತನಕ ಗಾಡಿ ಅಲ್ಲಾಡಬಾರ್ದು ಅಂತ ಗೇರಿಗೂ ಬೀಗ ಇಟ್ಟಿದೀನಿ!"

"ಈಗ ಬೇಡ ಕಣೋ, ಹಿಂದಿನ ಚಕ್ರ..."

ಖಟ್! ಬೀಗ ಬಿತ್ತು.

ಯಂತ್ರ ಗಂಟಲು ಸರಿಮಾಡಿಕೊಂಡಿತು. ಭಾಗೀರಥಿ ಸೆರಗು ಬಿಟ್ಟು ಮುಂದೆ ಬಾಗಿದಳು. ಅಪ್ಪನ ದನಿ!

"ಮಾತು ಕಲಿಸೋಕೆ ನಿಮ್ಮಪ್ಪನ ಗಮಕದ ಕ್ಯಾಸೆಟ್ಟೇ ಸಿಕ್ಕಿದ್ದು," ಎಂದು ಚಂದ್ರಚೂಡ ಹಲ್ಲು ಕಿರಿದ.

ಯಂತ್ರ ನೇರ ರೋಗಕ್ಕೆ ಹೋಗಲಿಲ್ಲ. ಮೊದಲು ಗಣಪತಿಯ ಸ್ತುತಿ. ಆಮೇಲೆ ಸರಸ್ವತಿ. ಆಮೇಲೆ ಗುರುಹಿರಿಯರು. ಕಾರು ನೂಕಲೆಂದು ಬಸ್ಸಿನಿಂದ ಇಳಿದ ಜನ, ರಾಗ ಕಿವಿಗೆ ಬಿದ್ದದ್ದೇ ಚಪ್ಪಲಿ ಕಳಚಿ ಲಾಂಚಿನ ಮೇಲೆ ಸಾಲಾಗಿ ಕೂತುಬಿಟ್ಟರು!

"ಎದ್ದು ನೂಕ್ರಪ್ಪೋ! ಹಗ್ಗ ಜಾರ್ತಾ ಇದೆ!" ಲಾಂಚಿನವನು ಅರಚಿದ.

"ಪೀಠಿಕೆ ನಡುವೆ ಏಳ್ಬಾರ್ದು, ಸುಮ್ನಿರು," ಎಂದು ಅಜ್ಜಿಯೊಬ್ಬಳು ಕಣ್ಣು ಮುಚ್ಚಿಯೇ ಗದರಿದಳು.

ಹಲಗೆ ಗೇಣು ಹಿಂದೆ ಸರಿಯಿತು. ಕಾರಿನ ಹಿಂಭಾಗ ನೀರಿನತ್ತ ವಾಲಿತು.

"ನಿಲ್ಸೋ ಅದನ್ನ!"

"ನಿಲ್ಸೋ ಗುಂಡಿ ಇಟ್ಟಿಲ್ಲಣ್ಣ!"

"ಬೀಗ ಇಟ್ಟೆ, ಗುಂಡಿ ಇಡ್ಲಿಲ್ವೇನೋ ಮುಠ್ಠಾಳ!"

ಅಷ್ಟರಲ್ಲಿ ಪದ್ಯ ಬಂತು:

ಉಸಿರ ಕಂಡಿಗೆ ಕೆಂಪ ಬಳಿದರೆ
ಹಸಿದ ಕೊಳವೆಗೆ ತೈಲವಿಳಿಯದು
ಬಿಸಿಯ ಹೊತ್ತಿಗೆ ಗಾಳಿ ನುಸುಳುತ ಪಾದ ಕುಸಿಯುವುದೈ

ಆಮೇಲೆ ಮೌನ. ಹಲಗೆ ಇನ್ನೊಂದು ಗೇಣು ಸರಿಯಿತು.

"ಮುಂದೆ ಬೊಗಳೋ ಚೊಂಬೇ!" ಶೇಷಗಿರಿ ಗುದ್ದಿದ. ಯಂತ್ರ ತುಟಿಪಿಟಕ್ಕೆನ್ನಲಿಲ್ಲ.

ಅದೇಕೆ ಕಾಯುತ್ತಿದೆಯೆಂದು ಭಾಗೀರಥಿಗೆ ಮಾತ್ರ ಗೊತ್ತಿತ್ತು. ಅಪ್ಪ ಪದ್ಯ ಹಾಡಿ ನಿಲ್ಲುತ್ತಿದ್ದ. ಪಕ್ಕದಲ್ಲಿ ಕೂತ ವ್ಯಾಖ್ಯಾನಕಾರರು ಅರ್ಥ ಬಿಡಿಸಿದ ಮೇಲೇ ಕತೆ ಮುಂದಕ್ಕೆ. ನಲವತ್ತು ವರ್ಷ ಕಂಬಕ್ಕೊರಗಿ ಕೇಳಿದವಳು ಅವಳು. ಒಂದು ದಿನವೂ ಬಾಯಿ ತೆರೆದವಳಲ್ಲ. ಈಗ ತೆರೆದಳು.

"ಎಣ್ಣೆ ಡಬ್ಬಿಯ ಮುಚ್ಚಳದಲ್ಲಿ ಉಸಿರಾಡೋಕೆ ಸಣ್ಣ ತೂತಿರುತ್ತೆ. ಅದು ಮುಚ್ಚಿದ್ರೆ ಎಣ್ಣೆ ಇಳಿಯೋಲ್ಲ. ಹಸಿದ ಸಿಲಿಂಡರು ಸಿಕ್ಕ ಸಂದಿಯಿಂದ ಗಾಳಿ ಕುಡಿಯುತ್ತೆ, ಪೆಡಲು ಕುಸಿಯುತ್ತೆ. ಎಷ್ಟು ಸಿಲಿಂಡರ್ ಬದಲಾಯಿಸಿದ್ರೂ ಅಷ್ಟೆ. ಇನ್ನು ಕೆಂಪು ಅಂದ್ರೆ..." ಅವಳು ಹಣೆ ಮುಟ್ಟಿಕೊಂಡಳು. "ಕುಂಕುಮ. ಬಳಿದೋಳು ನಾನೇ."

"ಭೇಷ್!" ಎಂದಿತು ಅಪ್ಪನ ದನಿ. ಬೀಗ ಬಿಟ್ಟಿತು.

ಮೈದುನನ ತೊಡೆ ತುಳಿದು, ಮುಂದಿನ ಬಾಗಿಲಿನಿಂದ ದಡಕ್ಕೆ ಹಾರಿ, ಬಾನೆಟ್ ಎತ್ತಿ, ಸೆರಗಿನ ಪಿನ್ನನ್ನು ಅವಳು ಎಣ್ಣೆ ಮುಚ್ಚಳದ ತೂತಿಗೆ ಚುಚ್ಚಿದಳು. ಸುಯ್! ಶೇಷಗಿರಿ ಹತ್ತು ಸಲ ತುಳಿದ. ಹನ್ನೊಂದನೆಯದಕ್ಕೆ ಪೆಡಲು ಕಾಲನ್ನು ಎದುರೊತ್ತಿತು, ಕೀಲಿ ತಿರುಗಿಸಿದರೆ ಇಂಜಿನ್ನೂ ಗುರ್ರೆಂದಿತು. ಬಾನೆಟ್ ಮುಚ್ಚಿ ಅವಳು ಪಕ್ಕಕ್ಕೆ ಸರಿದದ್ದೇ, ಕಾರು ಕರುವಿನಂತೆ ದಡಕ್ಕೆ ನೆಗೆಯಿತು! ಅದು ಒದ್ದ ರಭಸಕ್ಕೆ ಹಗ್ಗ ಹರಿದು, ಲಾಂಚು ಬಸ್ಸಿನ ಸಮೇತ ನಡುಹೊಳೆಗೆ ತೇಲಿಹೋಯಿತು.

"ಮಂಗಳ ಹಾಡದೆ ಹೋಗ್ತೀರಲ್ರೀ!" ತೇಲುವ ಲಾಂಚಿನಿಂದ ನಲವತ್ತು ಗಂಟಲು ಕೂಗಿದವು.

ಶೇಷಗಿರಿ ಬೆವರೊರೆಸಿದ. "ಗುಜರಿ ಮಾತು ವಾಪಸ್ ತಗೊಂಡೆ ಮಾರಾಯ್ತಿ. ಒಂದೇ ಒಂದು ಕೇಳ್ತೀನಿ. ಇನ್ಮೇಲೆ ಆ ಮುಚ್ಚಳಕ್ಕೆ ಕುಂಕುಮ ಇಡ್ಬೇಡ."

ಭಾಗೀರಥಿ ಪಿನ್ನು ಒರೆಸಿ ಸೆರಗಿಗೆ ಸಿಕ್ಕಿಸಿಕೊಂಡಳು.

"ಅದು ಮಾತ್ರ ಆಗಲ್ಲ ರೀ."